ಪ್ರೌಢಶಾಲೆಯ ಶಿಕ್ಷಕನೂ ವಿಶೇಷ ಶಿಕ್ಷಕನೂ: ತರಬೇತಿಯ ಎರಡು ಶಾಸನಗಳ ವಿಮರ್ಶೆ

ಶಾಸನವೆಂದೊಡನೆ ಇತಿಹಾಸದ ಅಭ್ಯಾಸಿಗಳಾದ ನಾವು ಕಲ್ಲನ್ನೋ ತಾಮ್ರಪಟವನ್ನೋ ನೆನೆಯುವುದು ವಾಡಿಕೆ. ಗೆಜೆಟ್ಟಿನಲ್ಲಿ ಮುದ್ರಿತವಾಗಿ ಬಂದ ಶಾಸನವೂ ಅದೇ ಬಗೆಯ ಓದಿಗೆ ಅರ್ಹವಾದುದೆಂಬುದನ್ನು ಮರೆಯುತ್ತೇವೆ. ಅಲ್ಲಿಯೂ ಯಾರ ಹೆಸರು ಬಂದಿದೆ, ಯಾರ ಹೆಸರು ಬಿಟ್ಟುಹೋಗಿದೆ, ಯಾರನ್ನು ಯಾರ ಪಂಕ್ತಿಯಲ್ಲಿ ಕೂರಿಸಲಾಗಿದೆ ಎಂಬುದನ್ನು ನೋಡತಕ್ಕದ್ದು. ಅಂಥ ಎರಡು ಶಾಸನಗಳನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದೆ. ಒಂದು, 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮ. ಇನ್ನೊಂದು, 1993ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಅಧಿನಿಯಮ. ವಿಶೇಷ ಶಿಕ್ಷಕನಾಗಬೇಕೆಂಬವನು ಮೊದಲನೆಯದರ ಆಳ್ವಿಕೆಗೂ, ಪ್ರೌಢಶಾಲೆಯ ಶಿಕ್ಷಕನಾಗಬೇಕೆಂಬವನು ಎರಡನೆಯದರ ಆಳ್ವಿಕೆಗೂ ಒಳಪಡುತ್ತಾನೆ.

ಇವುಗಳನ್ನು ಎಲ್ಲಿ ಕುಳಿತು ಓದುತ್ತೇವೆಂಬುದೂ ಮುಖ್ಯ. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಗೆ ಈಚೆ, ಗಿಲ್ಲೆಸುಗೂರು ಎಂಬ ಹೋಬಳಿಯ ಊರುಂಟು. ಹೊಳೆಯಾಚೆ ಆಂಧ್ರದ ಕರ್ನೂಲು ಜಿಲ್ಲೆ. ಶಾಲೆಯ ಭಾಷೆ ಕನ್ನಡ. ಮನೆಯ ಭಾಷೆ ಕನ್ನಡವಾಗಿರಬಹುದು, ತೆಲುಗಾಗಿರಬಹುದು, ಉರ್ದುವಾಗಿರಬಹುದು. 1956ರವರೆಗೆ ಈ ಸೀಮೆ ಹೈದರಾಬಾದು ರಾಜ್ಯದಲ್ಲಿದ್ದಿತು. ನಿಜಾಮರ ಕಾಲದಲ್ಲಿ ಮೇಲ್ತರಗತಿಗಳ ವಿದ್ಯೆ ಉರ್ದುವಿನಲ್ಲಿ ನಡೆದುದರಿಂದ, ಧಾರವಾಡದ ಕಡೆಯಲ್ಲಿ ಡೆಪ್ಯೂಟಿ ಚನ್ನಬಸಪ್ಪನವರ ಕಾಲಕ್ಕೇ ಬೇರೂರಿದ್ದ ಕನ್ನಡ ಶಿಕ್ಷಕರ ತರಬೇತಿಯ ಪರಂಪರೆ ಇಲ್ಲಿಗೆ ತಡವಾಗಿ ಬಂದಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದಾಗ ರಾಯಚೂರು ಜಿಲ್ಲೆಯದು 59.56. ಇಂಥ ಸೀಮೆಯ ಹಳ್ಳಿಗಾಡಿನಲ್ಲಿ ಕಿವಿ ಕೇಳದ ಮಗುವಿಗೆ ವಿಶೇಷ ಶಾಲೆಯೆಂಬುದು ದೂರದ ಪಟ್ಟಣದ ಮಾತು. ಅದು ಓದುವುದಾದರೆ ಅಣ್ಣತಮ್ಮಂದಿರು ಓದುವ ಶಾಲೆಯಲ್ಲಿಯೇ, ಅದೇ ಬೆಂಚಿನ ಮೇಲೆ ಓದಬೇಕು.

ಈಗ ಶಾಸನಪಾಠಕ್ಕೆ ಬರೋಣ. 1993ರ ಅಧಿನಿಯಮ ಶಿಕ್ಷಕ ಶಿಕ್ಷಣವನ್ನು ನಿರೂಪಿಸುವಾಗ ಪೂರ್ವ ಪ್ರಾಥಮಿಕ, ಪ್ರಾಥಮಿಕ, ಪ್ರೌಢ, ಉನ್ನತ ಪ್ರೌಢ ಹಂತಗಳನ್ನು ಹೆಸರಿಸುತ್ತದೆ. ಅನೌಪಚಾರಿಕ ಶಿಕ್ಷಣ, ಅರೆಕಾಲಿಕ ಶಿಕ್ಷಣ, ವಯಸ್ಕರ ಶಿಕ್ಷಣ, ಅಂಚೆಯ ಮೂಲಕ ನಡೆಯುವ ಶಿಕ್ಷಣ, ಇವನ್ನೂ ಮರೆಯದೆ ಸೇರಿಸುತ್ತದೆ. ವಿಶೇಷ ಶಿಕ್ಷಣದ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಒಂದು ವರ್ಷ ಮೊದಲೇ ಬಂದ 1992ರ ಅಧಿನಿಯಮದಲ್ಲಿ ವಿಶೇಷ ಶಿಕ್ಷಕ ಕಾಣಿಸಿಕೊಳ್ಳುತ್ತಾನೆ. ಆದರೆ ಯಾರ ನಡುವೆ? ಶ್ರವಣ ಪರೀಕ್ಷಕರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಶ್ರವಣಯಂತ್ರದ ತಂತ್ರಜ್ಞರು, ಪುನರ್ವಸತಿ ಇಂಜಿನಿಯರರು, ಇವರ ಸಾಲಿನಲ್ಲಿ, 'ಪುನರ್ವಸತಿ ವೃತ್ತಿನಿರತ' ಎಂಬ ತಲೆಬರಹದ ಕೆಳಗೆ. ಈ ವೃತ್ತಿನಿರತರು ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅನರ್ಹರ ಕೈಯಿಂದ ಮಕ್ಕಳನ್ನು ಕಾಪಾಡುವ ಉದ್ದೇಶ ಒಳ್ಳೆಯದೇ. ಆದರೆ ಫಲಿತಾರ್ಥವನ್ನು ಗಮನಿಸಬೇಕು: ನಮ್ಮ ಶಾಸನದ ದೃಷ್ಟಿಯಲ್ಲಿ ಕುರುಡು ಮಗುವಿಗೆ ಗಣಿತ ಹೇಳುವವನು ಮೊದಲಿಗೆ ಚಿಕಿತ್ಸಕರ ಬಳಗದವನು, ಆಮೇಲೆ ಶಿಕ್ಷಕ.

ಈ ಭೇದಕ್ಕೆ ಬೋಧನಾಶಾಸ್ತ್ರದ ಆಧಾರವೇನಾದರೂ ಇದೆಯೇ ಎಂದು ಹುಡುಕಿದರೆ ಸಿಕ್ಕುವುದು ಆಡಳಿತದ ಆಧಾರ ಮಾತ್ರ. ಒಂದು ಪರಿಷತ್ತು ಸಮಾಜ ಕಲ್ಯಾಣವನ್ನು ನೋಡಿಕೊಳ್ಳುವ ಮಂತ್ರಾಲಯದ ಕೂಸು, ಇನ್ನೊಂದು ಶಿಕ್ಷಣ ಮಂತ್ರಾಲಯದ ಕೂಸು. ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1964ರಲ್ಲಿ ನೇಮಕವಾಗಿ 1966ರಲ್ಲಿ ವರದಿಯೊಪ್ಪಿಸಿದ ಕೊಠಾರಿ ಆಯೋಗ ತನ್ನ ನಾಲ್ಕನೆಯ ಅಧ್ಯಾಯದಲ್ಲಿ ಶಿಕ್ಷಕರ ತರಬೇತಿಯ ಏಕಾಕಿತನವನ್ನು ಕುರಿತು ಬಹಳ ಸಮರ್ಥವಾಗಿ ವಿಚಾರ ಮಾಡಿತು. ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯದ ವಿದ್ವತ್ತಿನಿಂದ ದೂರ, ಶಾಲೆಗಳಿಂದ ದೂರ, ತಮ್ಮತಮ್ಮೊಳಗೇ ದೂರ ಎಂಬ ಮೂರು ದೂರಗಳನ್ನು ಅದು ಎಣಿಸಿತು. ಅದೇ ವರದಿಯ ಆರನೆಯ ಅಧ್ಯಾಯ, ಅವಕಾಶಗಳ ಸಮಾನತೆಯ ಪ್ರಕರಣದಲ್ಲಿ, ಅಂಗವಿಕಲ ಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣವ್ಯವಸ್ಥೆಯ ಅವಿಭಾಜ್ಯ ಅಂಗವಾಗಬೇಕೆಂದು ಹೇಳಿತು. ಸಾಮಾನ್ಯ ಶಿಕ್ಷಕನಿಗೂ ವಿಶೇಷ ಶಿಕ್ಷಕನಿಗೂ ನಡುವಣ ನಾಲ್ಕನೆಯ ದೂರ ಮಾತ್ರ ಆ ಎಣಿಕೆಗೆ ಬರಲಿಲ್ಲ. ಅಷ್ಟು ದೊಡ್ಡ ವರದಿಯ ಎರಡು ಅಧ್ಯಾಯಗಳು ಪರಸ್ಪರ ಮಾತಾಡದೆ ಉಳಿದುವು. ಕಾಲು ಶತಮಾನದ ಮೇಲೆ ಅವು ಎರಡು ಕಾಯಿದೆಗಳಾಗಿ ಗಟ್ಟಿಯಾದುವು ಎಂಬುದು ಈ ಲೇಖಕನ ಅಭಿಪ್ರಾಯ.

ಪರಿಣಾಮವನ್ನು ಪಠ್ಯಕ್ರಮದಲ್ಲಿ ಕಾಣಬಹುದು. 2014ರ ನಿಯಮಾವಳಿಯೊಡನೆ ಬಿ.ಎಡ್. ಶಿಕ್ಷಣ ಎರಡು ವರ್ಷಗಳದಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರಗಳಿಗೆ ಏರಿತು. ಇದು ಸ್ವಾಗತಾರ್ಹ. ಆಗ ಸಿದ್ಧವಾದ ಚೌಕಟ್ಟಿನಲ್ಲಿ ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಾಲೆಯ ನಿರ್ಮಾಣವೆಂಬ ವಿಷಯಕ್ಕೂ ಸ್ಥಾನ ದೊರೆಯಿತು. ಎಷ್ಟು ಸ್ಥಾನ? ಅರ್ಧ ಪತ್ರಿಕೆ. ಪರೀಕ್ಷೆಗೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಲು ಅರ್ಧ ಪತ್ರಿಕೆ ಸಾಕು. ತುಟಿಯ ಚಲನೆ ನೋಡುವ ಮಗುವಿಗೆ ಬೆನ್ನು ತಿರುಗಿಸಿ ಕಪ್ಪುಹಲಗೆಯ ಮೇಲೆ ಬರೆಯುತ್ತ ಪಾಠ ಹೇಳಬಾರದೆಂಬಷ್ಟು ಸಣ್ಣ ಅಭ್ಯಾಸ ಮೈಗೂಡಲು ಸಾಲದು. ಇತ್ತ ಪುನರ್ವಸತಿ ಪರಿಷತ್ತಿನ ಬಿ.ಎಡ್.ನಲ್ಲಿ ಅಭ್ಯರ್ಥಿ ಶ್ರವಣದೋಷವನ್ನೋ ದೃಷ್ಟಿದೋಷವನ್ನೋ ಬೌದ್ಧಿಕ ನ್ಯೂನತೆಯನ್ನೋ ತನ್ನ ವಿಶೇಷ ಕ್ಷೇತ್ರವಾಗಿ ಆರಿಸಿಕೊಳ್ಳುತ್ತಾನೆ. ಹೋಬಳಿಯ ಶಾಲೆಗೆ ಬರುವ ಮಕ್ಕಳು ಹಾಗೆ ವಿಂಗಡವಾಗಿ ಬರುವುದಿಲ್ಲವಷ್ಟೆ. 2016ರ ಅಧಿನಿಯಮವೇ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ನಮ್ಮ ರಾಜ್ಯದಲ್ಲಿ ಈ ಕೊರತೆಯನ್ನು ತುಂಬಲು ತಾಲ್ಲೂಕು ಮಟ್ಟದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಯಿಂದ ಶಾಲೆಗೆ, ಕೆಲವೊಮ್ಮೆ ಮನೆಯಿಂದ ಮನೆಗೆ ಅಲೆಯುವ ಇವರ ಶ್ರಮವನ್ನು ಲಘುವಾಗಿ ಕಾಣಬಾರದು. ಆದರೆ ಅವರು ಬಂದುಹೋದ ಮೇಲೆ ಉಳಿದ ದಿನಗಳಲ್ಲಿ ಆ ಮಗು ಯಾರದು?

ನಮ್ಮದೇ ವಿಷಯದಿಂದ ಒಂದು ಉದಾಹರಣೆ ಕೊಡುವುದು ಯುಕ್ತ. ಅಂಗವಿಕಲ ಮಗುವಿಗೆ ಇತಿಹಾಸ ಹೇಳುವುದು ಕಷ್ಟವೆಂದೂ, ಅದೆಲ್ಲ ಮಾತಿನ ವಿದ್ಯೆಯೆಂದೂ ಹೇಳುವವರುಂಟು. ರಾಯಚೂರಿನ ಕೋಟೆಯ ಗೋಡೆಯಲ್ಲಿ 40 ಅಡಿಗೂ ಮಿಕ್ಕಿ ಉದ್ದವಾದ ಒಂದೇ ಕಲ್ಲಿದೆ. ಕಾಕತೀಯರ ಅಧೀನದ ವಿಠಲನಾಥನು ಕೋಟೆ ಕಟ್ಟಿಸಿದನೆಂದು ಹೇಳುವ 1294ರ ತೆಲುಗು ಶಾಸನ ಅದರ ಮೇಲಿದೆ. ಬರೆಯಿಸಿದವರು ಅಕ್ಷರದಷ್ಟಕ್ಕೇ ತೃಪ್ತರಾಗಲಿಲ್ಲ. ಆ ಮಹಾಶಿಲೆಯನ್ನು ಉದ್ದನೆಯ ಬಂಡಿಯ ಮೇಲೇರಿಸಿ, ಜೋಡಿ ಜೋಡಿಯಾಗಿ ಪ್ರಾಣಿಗಳನ್ನು ಹೂಡಿ ಎಳೆಸಿದ ಬಗೆಯನ್ನು ಅಲ್ಲಿಯೇ ಚಿತ್ರವಾಗಿ ಕೊರೆಯಿಸಿದರು. ಕಿವಿ ಕೇಳದ ಮಗುವಿಗೆ ಇದಕ್ಕಿಂತ ಸೊಗಸಾದ ಪಾಠವನ್ನು ಯಾವ ಪಠ್ಯಪುಸ್ತಕ ಕೊಟ್ಟೀತು? ಇನ್ನು ಕಣ್ಣು ಕಾಣದ ಮಗು. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಕುಂಚದಿಂದ ತಟ್ಟಿ ಪಡಿಯಚ್ಚು ತೆಗೆಯುವ ಕ್ರಮವನ್ನು ನಾವೆಲ್ಲ ಬಲ್ಲೆವು. ಕಲ್ಲಿನಲ್ಲಿ ತಗ್ಗಾಗಿದ್ದ ಅಕ್ಷರ ಆ ಕಾಗದದ ಹಿಂಬದಿಯಲ್ಲಿ ಉಬ್ಬಾಗಿ ನಿಲ್ಲುತ್ತದೆ. ಬೆರಳು ಅದನ್ನು ಹಿಂಬಾಲಿಸಬಲ್ಲುದು. ಹಿಂಬದಿಯಲ್ಲಿ ಅಕ್ಷರ ತಿರುವುಮುರುವಾಗುತ್ತದೆಂಬುದು ನಿಜ. ಆದರೆ ಕಲ್ಲಿನ ಬರಹವೆಂದರೇನೆಂದು ತಿಳಿಯಲು ಅದು ಅಡ್ಡಿಯಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬಿನ ನಕ್ಷೆಯನ್ನು ಎರಡು ಹುರಿಗಳಿಂದ ಹಲಗೆಯ ಮೇಲೆ ಅಂಟಿಸಿದರೆ, 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ ಶಹನೂ ಏತಕ್ಕೆ ಈ ನೆಲಕ್ಕಾಗಿ ಕಾದಿದರೆಂಬುದು ಕಣ್ಣಿಲ್ಲದವನಿಗೂ ತಿಳಿಯುತ್ತದೆ. ಕಣ್ಣುಳ್ಳವರಿಗೂ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ. ಇದಕ್ಕೆ ಬೇಕಾದ ಜ್ಞಾನದಲ್ಲಿ ಅರ್ಧ ಇತಿಹಾಸದ ಶಿಕ್ಷಕನಲ್ಲಿದೆ, ಅರ್ಧ ವಿಶೇಷ ಶಿಕ್ಷಕನಲ್ಲಿದೆ. ಇಬ್ಬರೂ ತರಬೇತಿಯ ಕಾಲದಲ್ಲಿ ಒಂದು ದಿನವಾದರೂ ಒಟ್ಟಿಗೆ ಕುಳಿತು ಪಾಠವೊಂದನ್ನು ಹೆಣೆಯುವ ಏರ್ಪಾಡು ಎರಡು ಶಾಸನಗಳಲ್ಲಿ ಯಾವುದರಿಂದಲೂ ಹುಟ್ಟುವುದಿಲ್ಲ.

ಬ್ರೈಲ್ ಲಿಪಿಯಾಗಲಿ ಸಂಜ್ಞಾಭಾಷೆಯಾಗಲಿ ಅರೆಬರೆ ಕಲಿಯುವ ವಿದ್ಯೆಗಳಲ್ಲ, ಆದುದರಿಂದ ಪ್ರತ್ಯೇಕ ತರಬೇತಿ ಅನಿವಾರ್ಯ ಎಂಬ ಆಕ್ಷೇಪವನ್ನು ನಾವು ಗೌರವಿಸುತ್ತೇವೆ. ತೆಲುಗಿನ ಮನೆಯಿಂದ ಕನ್ನಡ ಶಾಲೆಗೆ ಬಂದ ಕಿವುಡು ಮಗುವಿನ ಭಾಷಾಸಮಸ್ಯೆಯೊಂದೇ ತಜ್ಞನ ಅಗತ್ಯವನ್ನು ಸಾಬೀತುಪಡಿಸುತ್ತದೆ. ಪ್ರಶ್ನೆಯಿರುವುದು ವಿದ್ಯೆ ಬೇರೆಯಾಗಬೇಕೆ ಎಂಬುದಲ್ಲ, ಮನೆ ಬೇರೆಯಾಗಬೇಕೆ ಎಂಬುದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧರನ್ನು ಸಂಗೀತದ ಗುರುಗಳನ್ನಾಗಿ ಮಾಡಿದರು. ಅದೇ ಛಾವಣಿಯಡಿ ಕಣ್ಣುಳ್ಳ ವೆಂಕಟೇಶಕುಮಾರರೂ ಶಿಷ್ಯರಾದರು. ಸಂಗೀತಕ್ಕೆ ಸಲ್ಲುವ ಮಾತು ಗಣಿತಕ್ಕೆ ಪೂರ್ಣವಾಗಿ ಸಲ್ಲದೆಂದು ಒಪ್ಪೋಣ. ಆದರೂ ಅಂಗವೈಕಲ್ಯವುಳ್ಳವರನ್ನೇ ಶಿಕ್ಷಕರನ್ನಾಗಿ ನೇಮಿಸಬೇಕೆಂದು 2016ರ ಅಧಿನಿಯಮ ಹೇಳಿದುದು ಗದಗಿಗೆ ಹೊಸದೇನೂ ಆಗಿರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ನಾಲ್ಕನೆಯ ದೂರವನ್ನು ಕಂಡಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಪ್ರೌಢ ಹಂತದಲ್ಲಿ ವಿಶೇಷ ಶಿಕ್ಷಕನಿಗೆ ವಿಷಯಜ್ಞಾನವೂ ಬೇಕೆಂದು ಅದು ಒಪ್ಪಿದೆ. ಎರಡು ಪರಿಷತ್ತುಗಳ ಪಠ್ಯಕ್ರಮಗಳಲ್ಲಿ ಹೊಂದಾಣಿಕೆ ತರುವುದಾಗಿಯೂ ಹೇಳಿದೆ. ಹೊಂದಾಣಿಕೆ ಮೃದುವಾದ ಮಾತು. ಶಾಸನವನ್ನು ತಿದ್ದಲು ಅದು ಸಾಲದು. ನೀತಿ ಬಹುವಾಗಿ ಕೊಂಡಾಡುವ ನಾಲ್ಕು ವರ್ಷಗಳ ಸಂಯುಕ್ತ ಪದವಿ ಮೈಸೂರಿನ ರೀಜನಲ್ ಕಾಲೇಜಿನಲ್ಲಿ 1963ರಷ್ಟು ಹಿಂದೆಯೇ ಮೊದಲಾಗಿದ್ದಿತು. ಅದೇ ಮಾನಸಗಂಗೋತ್ರಿಯಲ್ಲಿ 1960ರ ದಶಕದ ನಡುವೆ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷವುಳ್ಳ ಮಕ್ಕಳ ಶಿಕ್ಷಕರ ಪದವಿಯೂ ಮುಂದೆ ಬಂದಿತು. ಎರಡೂ ನೆರೆಯ ಸಂಸ್ಥೆಗಳು. ಒಂದಕ್ಕೆ ಒಂದು ಪರಿಷತ್ತಿನ ಮುದ್ರೆ, ಇನ್ನೊಂದಕ್ಕೆ ಇನ್ನೊಂದರದು.

2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಮಾನ್ಯ ಶಾಲೆಗಳಲ್ಲಿಯೂ ವಿಶೇಷ ಶಿಕ್ಷಕರ ಪ್ರಮಾಣ ನಿಗದಿಯಾಗಬೇಕೆಂದು ಆಜ್ಞೆ ಮಾಡಿತು. ಮರುವರ್ಷ ಪ್ರಾಥಮಿಕದಲ್ಲಿ 10 ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರೆಂದು ಅಧಿಸೂಚನೆ ಬಂದಿತು. ಗಿಲ್ಲೆಸುಗೂರಿನ ಒಂದು ಶಾಲೆಯಲ್ಲಿ ಅಂಥ ಮಕ್ಕಳು ಇಬ್ಬರೋ ಮೂವರೋ ಇದ್ದರೆ ಈ ಲೆಕ್ಕ ಅವರನ್ನು ಮುಟ್ಟುವುದು ಹೇಗೆ? ಅವರನ್ನು ಮುಟ್ಟಬೇಕಾದವನು ಅಲ್ಲಿ ಈಗಾಗಲೇ ನಿಂತಿರುವ ವಿಷಯಶಿಕ್ಷಕ. ಅದಕ್ಕೆ ಬೇಕಾದುದು 1993ರ ಅಧಿನಿಯಮದ ನಿರೂಪಣೆಯಲ್ಲಿ ವಿಶೇಷ ಶಿಕ್ಷಣವೆಂಬ ಒಂದು ಪದ, ಅರ್ಧ ಪತ್ರಿಕೆಯ ಬದಲಿಗೆ ಬೋಧನಾವಿಧಾನದ ಪ್ರತಿಯೊಂದು ಪತ್ರಿಕೆಯೊಳಗೂ ಒಂದು ಘಟಕ, ಮತ್ತು 20 ವಾರಗಳಲ್ಲಿ ಕೆಲವನ್ನಾದರೂ ಎರಡೂ ಬಗೆಯ ಅಭ್ಯರ್ಥಿಗಳು ಒಂದೇ ಹೋಬಳಿಶಾಲೆಯಲ್ಲಿ ಜತೆಯಾಗಿ ಕಳೆಯುವ ಏರ್ಪಾಡು. 2021ರಲ್ಲಿ ಸ್ಥಾಪಿತವಾದ ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ ಆವರಣ ಯರಗೇರೆಯಲ್ಲಿ, ಇದೇ ಮಂತ್ರಾಲಯದ ದಾರಿಯಲ್ಲಿದೆ. ಕೊನೆಯದನ್ನು ಪ್ರಯೋಗವಾಗಿ ಅಲ್ಲಿಂದ ಆರಂಭಿಸುವುದಕ್ಕೆ ಸಂಸತ್ತಿನ ತಿದ್ದುಪಡಿಗಾಗಿ ಕಾಯಬೇಕಾಗಿಲ್ಲ.