ಶಿಗೆಯ ಕಣ್ಣೀರು ಸುಳ್ಳೇ?

ಯಸುಜಿರೊ ಓಜು 1953ರಲ್ಲಿ ನಿರ್ದೇಶಿಸಿದ ಜಪಾನಿ ಚಿತ್ರ ‘ಟೋಕಿಯೊ ಸ್ಟೋರಿ’ಯನ್ನು ಹೊಗಳದ ವಿಮರ್ಶಕರು ವಿರಳ. ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ಜಗತ್ತಿನ ಚಿತ್ರನಿರ್ದೇಶಕರ ಮತ ಕೇಳಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಈ ಹೊಗಳಿಕೆಯ ಬಗ್ಗೆ ನನಗೆ ತಕರಾರಿಲ್ಲ. ಹೊಗಳುವ ಬಗೆಯ ಬಗ್ಗೆ ಇದೆ.

ಕಥೆ ಸರಳ. ಒನೊಮಿಚಿ ಎಂಬ ಕಡಲತೀರದ ಊರಿನ ವೃದ್ಧ ದಂಪತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ. ವೈದ್ಯನಾದ ಹಿರಿಯ ಮಗನಿಗೂ ಬ್ಯೂಟಿ ಪಾರ್ಲರ್ ನಡೆಸುವ ಮಗಳು ಶಿಗೆಗೂ ಪುರುಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಇನ್ನೊಬ್ಬ ಮಗನ ಹೆಂಡತಿ ನೊರಿಕೊ ಮಾತ್ರ ರಜೆ ಹಾಕಿ ಅವರಿಗೆ ಊರು ತೋರಿಸುತ್ತಾಳೆ. ಮನೆಗೆ ಮರಳಿದ ಸ್ವಲ್ಪದರಲ್ಲೇ ತಾಯಿ ತೀರಿಕೊಳ್ಳುತ್ತಾಳೆ.

ಪಾಲ್ ಶ್ರೇಡರ್ 1972ರ ತಮ್ಮ ಪುಸ್ತಕದಲ್ಲಿ ಓಜುವಿನ ಶೈಲಿಗೆ ಝೆನ್ ನಂಟನ್ನು ಕಂಡರು. ನೆಲಮಟ್ಟದ ಕ್ಯಾಮೆರಾ, ಖಾಲಿ ಕೋಣೆ, ನಿಶ್ಚಲ ನೋಟ ಎಲ್ಲವೂ ಸಮಾಧಾನದ ಗುರುತಾದವು. ಡೇವಿಡ್ ಬೋರ್ಡ್‌ವೆಲ್ 1988ರಲ್ಲಿ ಈ ಝೆನ್ ವ್ಯಾಖ್ಯಾನವನ್ನು ಪ್ರಶ್ನಿಸಿದರೂ ಅದು ಅಳಿಯಲಿಲ್ಲ. ಅದರ ನೆರಳಿನಲ್ಲೇ ಇನ್ನೊಂದು ತೀರ್ಪೂ ಬೆಳೆಯಿತು: ಶಾಂತಳಾಗಿ ಸಹಿಸುವ ನೊರಿಕೊ ದೇವತೆ, ಶಿಗೆ ಸ್ವಾರ್ಥಿ.

ಚಿತ್ರ ಹಾಗೆ ಹೇಳುತ್ತದೆಯೇ? ತಾಯಿಯ ಹಾಸಿಗೆಯ ಬಳಿ ಬಿಕ್ಕಿ ಬಿಕ್ಕಿ ಅಳುವವಳು ಈ ಶಿಗೆಯೇ. ಅಂತ್ಯಸಂಸ್ಕಾರ ಮುಗಿದ ಮೇಲೆ ಊಟದ ನಡುವೆ ಅಮ್ಮನ ಬಟ್ಟೆಗಳಲ್ಲಿ ತನಗೆ ಬೇಕಾದುದನ್ನು ನೆನಪಿಗೆಂದು ಕೇಳುವವಳೂ ಅವಳೇ. ಎರಡನೆಯದನ್ನು ಕಂಡವರು ಮೊದಲನೆಯದನ್ನು ಮರೆಯುತ್ತಾರೆ. ಸಾವಿನ ಮನೆ ನೋಡಿದವರಿಗೆ ಇದು ಹೊಸದಲ್ಲ. ಕಣ್ಣೊರೆಸಿಕೊಂಡ ಕೈಯೇ ಬೀರುವಿನ ಕೀಲಿ ಹುಡುಕುತ್ತದೆ. ಅಷ್ಟಕ್ಕೆ ಕಣ್ಣೀರು ಸುಳ್ಳಾಗುವುದಿಲ್ಲ.

ಇನ್ನು ನೊರಿಕೊ. ಮಾವ ಮೆಚ್ಚಿಕೊಂಡಾಗ, ತಾನು ಅಷ್ಟು ಒಳ್ಳೆಯವಳಲ್ಲ, ಗಂಡನ ನೆನಪಾಗದ ದಿನಗಳೂ ಉಂಟು ಎಂದು ಬಾಯಿಬಿಟ್ಟು ಹೇಳುತ್ತಾಳೆ. ಇದನ್ನು ಬರಿಯ ವಿನಯವೆಂದುಕೊಂಡರೆ ಅವಳ ಮಾತನ್ನೇ ನಾವು ಕೇಳಲಿಲ್ಲ ಎಂದಾಯಿತು. ತಾಳ್ಮೆಯನ್ನು ಹೊಗಳಿ ಹೊಗಳಿ ಹೆಂಗಸರ ಬಾಯಿ ಮುಚ್ಚಿಸುವುದು ಜಪಾನಿನಲ್ಲಷ್ಟೇ ನಡೆದದ್ದಲ್ಲ.

ನನಗೆ ಹತ್ತಿರವಾದವಳು ಕಿರಿಯ ಮಗಳು ಕ್ಯೊಕೊ. ಅವಳೂ ಶಾಲಾ ಶಿಕ್ಷಕಿ. ಅಣ್ಣ, ಅಕ್ಕ ಅವಸರದಲ್ಲಿ ಹೊರಟುಹೋದರೆಂದು ಸಿಟ್ಟಾಗುತ್ತಾಳೆ. ಆಮೇಲೆ ಶಾಲೆಗೆ ಹೋಗುತ್ತಾಳೆ. ತರಗತಿಯ ಕಿಟಕಿಯ ಬಳಿ ನಿಂತು ಗಡಿಯಾರ ನೋಡಿಕೊಳ್ಳುತ್ತಾಳೆ. ನೊರಿಕೊ ಕುಳಿತ ರೈಲು ಹೊರಗೆ ಸಾಗುತ್ತದೆ. ನನ್ನ ತಾಯಿಯ ವೈಕುಂಠ ಸಮಾರಾಧನೆಯ ಮಾರನೆಯ ದಿನ ನಾನು ಏಳನೇ ತರಗತಿಗೆ ವಿಜಯನಗರದ ಪತನ ಪಾಠ ಮಾಡಿದ್ದೆ. ಗಂಟೆ ಹೊಡೆದ ಮೇಲೆ ಹಾಜರಿ ಕೂಗಲೇಬೇಕು. ನೋಡಿದವರು “ಟೀಚರ್ ಎಷ್ಟು ಗಟ್ಟಿ” ಎಂದರು. ಅದು ಗಟ್ಟಿತನವೂ ಅಲ್ಲ, ಝೆನ್ ಅಂತೂ ಅಲ್ಲವೇ ಅಲ್ಲ. ಕೆಲಸ ಇತ್ತು, ಮಾಡಿದೆ.

ಓಜು ಅತ್ತವಳನ್ನೂ ಅಳದವಳನ್ನೂ ಸಿಟ್ಟಾದವಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಒಂದೇ ಎತ್ತರದಿಂದ ನೋಡುತ್ತಾನೆ. ಉತ್ತರಪತ್ರಿಕೆಗಳಿಗೆ ಅಂಕ ಹಾಕುತ್ತ ಮೂವತ್ತು ವರ್ಷ ಕಳೆದ ನನಗೂ ಗೊತ್ತು, ದುಃಖಕ್ಕೆ ಅಂಕ ಹಾಕಲು ಬರುವುದಿಲ್ಲ. ಮುಂದಿನ ಸಲ ಈ ಚಿತ್ರ ನೋಡುವವರು ಶಿಗೆ ಅಳುವಾಗ ಅವಳನ್ನು ಸ್ವಲ್ಪ ನಂಬಿರಿ.