ಶುಂಠಿಯ ಖಾರ

ಹಸಿ ಶುಂಠಿಯನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ರಸವನ್ನು ಸ್ವಲ್ಪ ಹೊತ್ತು ಲೋಟದಲ್ಲಿ ಅಲುಗಾಡಿಸದೆ ಬಿಡಿ. ತಳದಲ್ಲಿ ಬೆಳ್ಳಗೆ ಗಸಿ ಕೂರುತ್ತದೆ. ಅದು ಬರಿಯ ಪಿಷ್ಟ. ಅದನ್ನು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಜೇನುತುಪ್ಪಕ್ಕೆ ಬೆರೆಸುವುದು ನಮ್ಮ ಮನೆಗಳ ಹಳೆಯ ರೂಢಿ.

ಆ ತಿಳಿಯ ಖಾರಕ್ಕೆ ಮುಖ್ಯ ಕಾರಣ ಜಿಂಜೆರಾಲ್. ಶುಂಠಿ ಒಣಗಿದಂತೆ ಅದರಲ್ಲೊಂದು ಪಾಲು ನೀರಿನ ಅಂಶ ಕಳೆದುಕೊಂಡು, ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಒಣಶುಂಠಿ ಕಷಾಯ ಗಂಟಲಿಗೆ ಚುರುಕು ಮುಟ್ಟಿಸುವುದು ಅದಕ್ಕೇ. ಬೇಯಿಸಿದರೆ ಕಥೆಯೇ ಬೇರೆ: ಜಿಂಜೆರೋನ್ ಹುಟ್ಟಿ ಖಾರ ಮೆತ್ತಗಾಗುತ್ತದೆ, ಸಿಹಿ ಘಮ ಬರುತ್ತದೆ. ಒಂದೇ ಗಡ್ಡೆಗೆ ಇಷ್ಟು ವೇಷ! ಕಾರ್ಖಾನೆಗಳು ಒಣಶುಂಠಿಯಿಂದ ದ್ರಾವಕ ಬಳಸಿ ಓಲಿಯೋರೆಸಿನ್ ಎಂಬ ಕಂದು ಅಂಟು ಸಾರ ತೆಗೆಯುತ್ತವೆ. ಬಿಸ್ಕತ್ತು, ಪಾನೀಯಗಳಿಗೆ ಹೋಗುವುದು ಅದು. ಭಟ್ಟಿ ಇಳಿಸಿದ ಎಣ್ಣೆಯಲ್ಲಿ ಪರಿಮಳವಿದೆ, ಖಾರವಿಲ್ಲ. ನನಗದು ಅರ್ಧ ಶುಂಠಿ.

ಹಸಿ ರಸದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವೂ ಇದೆ. ಮಾಂಸವನ್ನು ಮೆದುಗೊಳಿಸುವುದೂ, ಚಹಾದ ಹಾಲನ್ನು ಒಡೆಯುವುದೂ ಅದೇ. ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಸುರಿದು, ಬೇಕೆಂದೇ ಗಟ್ಟಿಯಾಗಿಸಿ, ಚಮಚದಲ್ಲಿ ತಿನ್ನುತ್ತಾರೆ. ನಮಗೆ ಚಹಾ ಸಾಕೆಂದರೆ, ಜಜ್ಜಿದ ಶುಂಠಿಯನ್ನು ಮೊದಲು ನೀರಿನಲ್ಲಿ ಕುದಿಸಿ, ಹಾಲು ಆಮೇಲೆ.

ಬಸುರಿಯರ ವಾಕರಿಕೆಗೆ ಶುಂಠಿ ನೆರವಾಗುತ್ತದೆಂಬುದಕ್ಕೆ ವೈದ್ಯಕೀಯ ಆಧಾರವಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ಸಾರದ ಕ್ಯಾಪ್ಸೂಲಿಗೆ ಕೈಹಾಕುವ ಮುನ್ನ ಡಾಕ್ಟರನ್ನು ಕೇಳಬೇಕು. ತಂಬುಳಿಗೆ ಯಾರ ಅಪ್ಪಣೆಯೂ ಬೇಡ.