ತಕ್ಕಡಿಗೆ ಹಗುರ, ಕೈಗೆ ಭಾರ

ಟ್ಯಾಬ್ಲೆಟ್ ಕೊಳ್ಳಲು ಹೊರಟವರು ಅದರ ವಿವರ ಪಟ್ಟಿಯನ್ನು ಓದಿಯೇ ಇರುತ್ತಾರೆ. ಪರದೆಯ ಅಳತೆ, ಮೆಮೊರಿ, ಬ್ಯಾಟರಿ, ಕ್ಯಾಮೆರಾಗಳ ವಿವರವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ತೂಕ ಇಷ್ಟು ಗ್ರಾಂ. ಆ ಸಾಧನವನ್ನು ಗಂಟೆಗಟ್ಟಲೆ ಕೈಯಲ್ಲಿ ಹಿಡಿದು ಓದುವವರ ಅನುಕೂಲದ ಬಗ್ಗೆ ಪಟ್ಟಿ ಹೇಳುವುದು ಅಷ್ಟೇ. ವಿಮರ್ಶೆ ಬರೆಯುವವರೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತಾರೆ. ಹಿಂದಿನ ಮಾದರಿಗಿಂತ 50 ಗ್ರಾಂ ಕಡಿಮೆ, ಆದ್ದರಿಂದ ಹಿಡಿಯಲು ಸುಖ ಎಂಬುದು ಅವರ ತೀರ್ಮಾನ. ಈ ತೀರ್ಮಾನ ಭೌತಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲುತ್ತದೆಯೇ? ನೋಡೋಣ.

ತೂಕ ಇಳಿದಿರುವುದು ನಿಜ. 2010ರಲ್ಲಿ ಬಂದ ಮೊದಲ ಐಪ್ಯಾಡ್ 680 ಗ್ರಾಂ ತೂಗುತ್ತಿತ್ತು. 2011ರ ಐಪ್ಯಾಡ್ 2 ಸುಮಾರು 600 ಗ್ರಾಂಗೆ ಇಳಿಯಿತು. 2012ರ ಮೂರನೆಯ ಮಾದರಿಯಲ್ಲಿ ಪರದೆ ಹೆಚ್ಚು ಸೂಕ್ಷ್ಮವಾದ್ದರಿಂದ ದೊಡ್ಡ ಬ್ಯಾಟರಿ ಬೇಕಾಯಿತು, ತೂಕ ಮತ್ತೆ 652 ಗ್ರಾಂಗೆ ಏರಿತು. 2013ರ ಐಪ್ಯಾಡ್ ಏರ್ 469 ಗ್ರಾಂ ಇತ್ತು. 2024ರಲ್ಲಿ ಬಂದ 13 ಇಂಚಿನ ಐಪ್ಯಾಡ್ ಪ್ರೊ, ಅಷ್ಟು ದೊಡ್ಡ ಪರದೆ ಇದ್ದರೂ 579 ಗ್ರಾಂ ಮಾತ್ರ. ದಪ್ಪ ಕೇವಲ 5.1 ಮಿ.ಮೀ. ತಂತ್ರಜ್ಞಾನದ ದೃಷ್ಟಿಯಿಂದ ಇದು ಮೆಚ್ಚಬೇಕಾದ ಸಾಧನೆ. ಆದರೆ ಇವೆಲ್ಲ ತಕ್ಕಡಿ ಕೊಟ್ಟ ಸಂಖ್ಯೆಗಳು. ಕೈ ತಕ್ಕಡಿಯಲ್ಲ.

ಒಂದು ಸರಳ ಪ್ರಯೋಗ

30 ಸೆಂ.ಮೀ. ಉದ್ದದ ಮರದ ಸ್ಕೇಲನ್ನು ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಅಡ್ಡಲಾಗಿ ಹಿಡಿಯಿರಿ. ಬೆರಳಿನಿಂದ 5 ಸೆಂ.ಮೀ. ದೂರದಲ್ಲಿ 100 ಗ್ರಾಂ ತೂಕವೊಂದನ್ನು ದಾರದಿಂದ ತೂಗುಬಿಡಿ. ಯಾವ ಕಷ್ಟವೂ ಆಗದು. ಈಗ ಅದೇ ತೂಕವನ್ನು ಸ್ಕೇಲಿನ ಇನ್ನೊಂದು ತುದಿಗೆ ಸರಿಸಿ. ಸ್ಕೇಲು ಕೆಳಗೆ ವಾಲುತ್ತದೆ, ಹೆಬ್ಬೆರಳನ್ನು ಬಿಗಿಯಾಗಿ ಒತ್ತಬೇಕಾಗುತ್ತದೆ. ತೂಕ ಬದಲಾಗಲಿಲ್ಲ, ದೂರ ಬದಲಾಯಿತು. ಸನ್ನೆಯ ನಿಯಮ ಇದೇ ತಾನೇ!

ಟ್ಯಾಬ್ಲೆಟ್‌ನ ಅಂಚನ್ನು ಒಂದೇ ಕೈಯಲ್ಲಿ ಹಿಡಿದಾಗ ನಡೆಯುವುದೂ ಇದೇ. ಅದರ ತೂಕ ಗುರುತ್ವ ಕೇಂದ್ರದಲ್ಲಿ, ಅಂದರೆ ಹೆಚ್ಚು ಕಡಿಮೆ ನಟ್ಟನಡುವೆ, ಕೆಳಮುಖವಾಗಿ ವರ್ತಿಸುತ್ತದೆ. ಕೆಳಗಿರುವ ನಾಲ್ಕು ಬೆರಳುಗಳು ಸನ್ನೆಯ ಆನಿಕೆ. ಮೇಲಿರುವ ಹೆಬ್ಬೆರಳು ಅಂಚನ್ನು ಕೆಳಗೆ ಒತ್ತಿ ಸಮತೋಲ ಕಾಯುತ್ತದೆ. ಲೆಕ್ಕಕ್ಕಾಗಿ, ಹೆಬ್ಬೆರಳು ಅಂಚಿನಿಂದ 1 ಸೆಂ.ಮೀ. ಒಳಗೂ ಬೆರಳುಗಳ ಆಸರೆ 4 ಸೆಂ.ಮೀ. ಒಳಗೂ ಇದೆ ಎಂದುಕೊಳ್ಳೋಣ. ಟ್ಯಾಬ್ಲೆಟ್ ಉದ್ದುದ್ದವಾಗಿ, ನೆಲಕ್ಕೆ ಸಮಾಂತರವಾಗಿ ಇದೆ ಎನ್ನೋಣ.

2013ರ ಐಪ್ಯಾಡ್ ಏರ್‌ನ ಅಗಲ ಸುಮಾರು 17 ಸೆಂ.ಮೀ. ಗುರುತ್ವ ಕೇಂದ್ರ ಅಂಚಿನಿಂದ 8.5 ಸೆಂ.ಮೀ., ಆನಿಕೆಯಿಂದ 4.5 ಸೆಂ.ಮೀ. ದೂರದಲ್ಲಿದೆ. ಹೆಬ್ಬೆರಳು ಆನಿಕೆಯಿಂದ 3 ಸೆಂ.ಮೀ. ದೂರದಲ್ಲಿರುವುದರಿಂದ ಅದು ಟ್ಯಾಬ್ಲೆಟ್‌ನ ತೂಕದ ಒಂದೂವರೆ ಪಟ್ಟು, ಅಂದರೆ ಸುಮಾರು 700 ಗ್ರಾಂ ಭಾರಕ್ಕೆ ಸಮನಾದ ಬಲದಿಂದ ಒತ್ತುತ್ತಿರಬೇಕು. ಕೆಳಗಿನ ಬೆರಳುಗಳು ಈ ಬಲವನ್ನೂ ಟ್ಯಾಬ್ಲೆಟ್‌ನ ತೂಕವನ್ನೂ ಸೇರಿಸಿ ಹೊರಬೇಕು. ಅದು 1 ಕೆ.ಜಿ.ಗೂ ಹೆಚ್ಚು. ವಿವರ ಪಟ್ಟಿಯಲ್ಲಿ ಬರೆದಿದ್ದದ್ದು 469 ಗ್ರಾಂ!

ಅದೇ ಟ್ಯಾಬ್ಲೆಟನ್ನು ಅಡ್ಡಲಾಗಿ ತಿರುಗಿಸಿ ಹಿಡಿಯಿರಿ. ಗುರುತ್ವ ಕೇಂದ್ರ ಅಂಚಿನಿಂದ 12 ಸೆಂ.ಮೀ. ದೂರ ಹೋಯಿತು. ಹೆಬ್ಬೆರಳಿನ ಪಾಲು 700ರಿಂದ ಸುಮಾರು 1250 ಗ್ರಾಂಗೆ ಏರಿತು. ಚಲನಚಿತ್ರ ನೋಡುವಾಗ ಒಂದು ಕೈ ಬೇಗ ಸೋತು ಇನ್ನೊಂದು ಕೈ ತಾನಾಗಿ ನೆರವಿಗೆ ಬರುವುದು ಇದರಿಂದಲೇ.

ಈಗ ಮಾದರಿಗಳನ್ನು ಹೋಲಿಸಿ. 2012ರ ಐಪ್ಯಾಡ್ ಮಿನಿ 308 ಗ್ರಾಂ ತೂಗುತ್ತಿತ್ತು, ಅಗಲ 13.5 ಸೆಂ.ಮೀ. ಅದೇ ಲೆಕ್ಕದಲ್ಲಿ ಹೆಬ್ಬೆರಳಿಗೆ ಬೀಳುವ ಹೊರೆ ಸುಮಾರು 280 ಗ್ರಾಂ. ಏರ್‌ಗೆ ಹೋಲಿಸಿದರೆ ತೂಕದಲ್ಲಿ ಮೂರನೆಯ ಒಂದು ಪಾಲು ಇಳಿದಿದೆ, ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ತೂಕ ಮತ್ತು ಅಗಲ ಎರಡೂ ಕಡಿಮೆಯಾದುದರ ಫಲ ಇದು. ಇನ್ನೊಂದು ಹೋಲಿಕೆ ಇನ್ನೂ ಕುತೂಹಲದ್ದು. 2010ರ ಮೊದಲ ಐಪ್ಯಾಡ್ ಹೆಬ್ಬೆರಳಿನಿಂದ ಬೇಡುತ್ತಿದ್ದದ್ದು ಸುಮಾರು 1240 ಗ್ರಾಂ. 2024ರ 13 ಇಂಚಿನ ಪ್ರೊ ಅದಕ್ಕಿಂತ 101 ಗ್ರಾಂ ಹಗುರ. ಆದರೆ ಅಗಲ 21.5 ಸೆಂ.ಮೀ. ಇರುವುದರಿಂದ ಹೆಬ್ಬೆರಳಿನ ಹೊರೆ ಸುಮಾರು 1310 ಗ್ರಾಂ. ಹದಿನಾಲ್ಕು ವರ್ಷಗಳಲ್ಲಿ ಉಳಿಸಿದ ಗ್ರಾಂಗಳನ್ನೆಲ್ಲ ಪರದೆಯ ಅಗಲ ನುಂಗಿಹಾಕಿದೆ.

ಟ್ಯಾಬ್ಲೆಟನ್ನು ನೆಟ್ಟಗೆ ನಿಲ್ಲಿಸಿ ಹಿಡಿದರೆ ಈ ತೊಂದರೆ ಇಲ್ಲವಲ್ಲ ಎಂದು ನೀವು ಕೇಳಬಹುದು. ಆಗ ಹೆಬ್ಬೆರಳಿಗೆ ಬಿಡುವು ಸಿಗುವುದು ನಿಜ. ಆದರೆ ಗುರುತ್ವ ಕೇಂದ್ರ ಕೈಯ ಪಕ್ಕದಲ್ಲೇ ದೂರವಾಗಿ ಉಳಿದಿರುವುದರಿಂದ ಅದೇ ತಿರುಗಿಸುವ ಪರಿಣಾಮ ಮಣಿಕಟ್ಟಿಗೆ ವರ್ಗವಾಗುತ್ತದೆ. ಹೊರೆ ಹೋಗಲಿಲ್ಲ, ಹೊರುವವರು ಬದಲಾದರು.

ಚಿಕ್ಕ ಕೈಗೆ ದೊಡ್ಡ ಹೊರೆ

ಮೇಲಿನ ಲೆಕ್ಕದಲ್ಲಿ ಬೆರಳುಗಳು ಅಂಚಿನಿಂದ 4 ಸೆಂ.ಮೀ. ಒಳಗೆ ಚಾಚಿದ್ದವು. ಮಗುವಿನ ಬೆರಳು 3 ಸೆಂ.ಮೀ. ಮಾತ್ರ ಚಾಚಿದರೆ? ಆನಿಕೆಯಿಂದ ಗುರುತ್ವ ಕೇಂದ್ರದ ದೂರ 5.5 ಸೆಂ.ಮೀ.ಗೆ ಹೆಚ್ಚುತ್ತದೆ, ಹೆಬ್ಬೆರಳಿನ ದೂರ 2 ಸೆಂ.ಮೀ.ಗೆ ಕುಗ್ಗುತ್ತದೆ. ಅದೇ 469 ಗ್ರಾಂ ಟ್ಯಾಬ್ಲೆಟ್‌ಗೆ ಮಗುವಿನ ಹೆಬ್ಬೆರಳು ಸುಮಾರು 1290 ಗ್ರಾಂ ಬಲ ಹಾಕಬೇಕು. ದೊಡ್ಡವರಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು. ಶಕ್ತಿ ಕಡಿಮೆ ಇರುವ ಕೈಗೇ ಹೆಚ್ಚಿನ ಕೆಲಸ. ಯಾವ ವಿವರ ಪಟ್ಟಿಯಲ್ಲೂ ಈ ವ್ಯತ್ಯಾಸ ಕಾಣಿಸುವುದಿಲ್ಲ.

ಈ ವಿಷಯದಲ್ಲಿ ಪ್ರಯೋಗಗಳು ನಡೆದಿಲ್ಲವೆಂದಲ್ಲ. ಚಿಕ್ಕ ಕೈಗಳ 30 ಮಂದಿ ಒಂದೇ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದಾಗ ಮುಂಗೈ ಮತ್ತು ಭುಜದ ಸ್ನಾಯುಗಳು ಎಷ್ಟು ದುಡಿಯುತ್ತವೆ ಎಂಬುದನ್ನು ಅಳೆದ ಅಧ್ಯಯನವೊಂದು 2013ರಲ್ಲಿ 'ಎರ್ಗೊನಾಮಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕ್ಕ ಅಥವಾ ಮಧ್ಯಮ ಗಾತ್ರ, ಉದ್ದುದ್ದವಾದ ಹಿಡಿತ, ಹಿಂಬದಿಯಲ್ಲಿ ಬೆರಳಿಗೆ ಸಿಗುವ ಒಂದು ಏಣು ಅಥವಾ ಹಿಡಿಕೆ, ರಬ್ಬರಿನಂತಹ ಮೇಲ್ಮೈ, ಇವು ಅನುಕೂಲ ಎಂಬುದು ಅದರ ಸಾರ. ಮಾರುಕಟ್ಟೆ ನಡೆದ ದಾರಿ ನೋಡಿ. ಪರದೆ ಹಿಗ್ಗಿತು, ಹೆಬ್ಬೆರಳು ಊರಲು ಇದ್ದ ಪರದೆಯ ಸುತ್ತಲಿನ ಅಂಚುಪಟ್ಟಿ ಕಿರಿದಾಯಿತು, ಬೆನ್ನು ನಯವಾದ ಲೋಹವಾಯಿತು. ನಯವಾದುದು ಜಾರುತ್ತದೆ. ಜಾರದಿರಲು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಸೌಂದರ್ಯಕ್ಕೆ ತೆರುವ ಈ ಬೆಲೆಯನ್ನು ಕೊಡುವುದು ಕೊಂಡವರ ಬೆರಳು.

ಕೈಗೂ ತೂಕವಿದೆ

ತೂಕವನ್ನು ಇನ್ನೂ ಇಳಿಸುತ್ತ ಹೋದರೆ ಸಮಸ್ಯೆ ತೀರೀತೇ? ಇಲ್ಲ. ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ ಟ್ಯಾಬ್ಲೆಟನ್ನು ಗಾಳಿಯಲ್ಲಿ ಹಿಡಿದಿದ್ದೀರಿ ಎನ್ನಿ. 60 ಕೆ.ಜಿ. ತೂಕದ ವ್ಯಕ್ತಿಯ ಮುಂಗೈ ಮತ್ತು ಹಸ್ತ ಸೇರಿ ಸುಮಾರು 1.3 ಕೆ.ಜಿ. ಇರುತ್ತವೆ. ಅಂದರೆ ಟ್ಯಾಬ್ಲೆಟ್‌ಗಿಂತ ಅದನ್ನು ಹಿಡಿದ ಕೈಯೇ ಹೆಚ್ಚು ತೂಗುತ್ತದೆ. ತೋಳಿನ ಮುಂಭಾಗದ ಸ್ನಾಯು ಮೊಣಕೈ ಕೀಲಿನಿಂದ ಕೇವಲ 4 ಸೆಂ.ಮೀ.ನಷ್ಟು ದೂರದಲ್ಲಿ ಮೂಳೆಗೆ ಅಂಟಿದೆ. ಟ್ಯಾಬ್ಲೆಟ್ ಇರುವುದು 35 ಸೆಂ.ಮೀ. ದೂರದಲ್ಲಿ. ಲೆಕ್ಕ ಹಾಕಿದರೆ ಬರಿಗೈಯನ್ನು ಹಾಗೆ ಚಾಚಿ ನಿಲ್ಲಿಸಲು ಸ್ನಾಯು 5 ಕೆ.ಜಿ. ಭಾರಕ್ಕೆ ಸಮನಾದ ಬಲ ಹಾಕಬೇಕು. 469 ಗ್ರಾಂ ಟ್ಯಾಬ್ಲೆಟ್ ಸೇರಿದರೆ 9 ಕೆ.ಜಿ.ಗೂ ಸ್ವಲ್ಪ ಹೆಚ್ಚು. ಟ್ಯಾಬ್ಲೆಟ್‌ನ ತೂಕವನ್ನು ಅರ್ಧಕ್ಕೆ ಇಳಿಸಿದರೂ ಸ್ನಾಯುವಿನ ಕೆಲಸ ಇಳಿಯುವುದು ಸುಮಾರು ಐದನೆಯ ಒಂದು ಪಾಲು ಮಾತ್ರ. ಮೊಣಕೈಗೆ ದಿಂಬನ್ನೂ ಟ್ಯಾಬ್ಲೆಟ್‌ಗೆ ಮೇಜನ್ನೂ ಕೊಟ್ಟರೆ ಬಹುಪಾಲು ಇಳಿಯುತ್ತದೆ.

ಬಲಕ್ಕಿಂತಲೂ ಮುಖ್ಯವಾದುದು ಅವಧಿ. ನೀರು ಸೇದುವಾಗ ಸ್ನಾಯು ಸಂಕುಚಿಸುತ್ತದೆ, ಸಡಿಲಗೊಳ್ಳುತ್ತದೆ. ಸಡಿಲಗೊಂಡಾಗಲೆಲ್ಲ ರಕ್ತ ಹರಿದುಬರುತ್ತದೆ. ಅಲುಗದೆ ಹಿಡಿದಿರುವಾಗ ಸ್ನಾಯು ಸತತ ಬಿಗಿದಿರುತ್ತದೆ. ಒಳಗಿನ ಒತ್ತಡ ರಕ್ತನಾಳಗಳನ್ನು ಅಮುಕುತ್ತದೆ. ಆಮ್ಲಜನಕದ ಪೂರೈಕೆ ತಗ್ಗುತ್ತದೆ, ದಣಿವು ಬೇಗ ಬರುತ್ತದೆ. ಗರಿಷ್ಠ ಬಲದ ಶೇ. 15ಕ್ಕಿಂತ ಕಡಿಮೆ ಬಳಸಿದರೆ ಬಹಳ ಹೊತ್ತು ಹಿಡಿದಿರಬಹುದು ಎಂದು ಜರ್ಮನಿಯ ವಾಲ್ಟರ್ ರೊಮೆರ್ಟ್ 1960ರಲ್ಲಿ ತೋರಿಸಿದರು. ಮಿತಿ ಇನ್ನೂ ಕೆಳಗಿದೆ ಎಂದು ಮುಂದಿನ ಸಂಶೋಧಕರು ಹೇಳಿದರು. ಆದುದರಿಂದ ಅಂಗಡಿಯಲ್ಲಿ ಎರಡು ನಿಮಿಷ ಹಿಡಿದು ನೋಡಿ 'ಹಗುರವಾಗಿದೆ' ಎನ್ನುವುದು ಪರೀಕ್ಷೆಯೇ ಅಲ್ಲ. ದಣಿವು ತಿಳಿಯಬೇಕಾದರೆ ಒಂದು ಅಧ್ಯಾಯವನ್ನಾದರೂ ಓದಬೇಕು.

ಕತ್ತೋ ಕೈಯೋ?

ಕೈ ಸೋತಾಗ ನಾವು ಏನು ಮಾಡುತ್ತೇವೆ? ಟ್ಯಾಬ್ಲೆಟನ್ನು ತೊಡೆಯ ಮೇಲೆ ಇಳಿಸುತ್ತೇವೆ. ಕೈಗೆ ಆರಾಮ. ಆದರೆ ಕಣ್ಣು ಪರದೆಯನ್ನು ಹಿಂಬಾಲಿಸುತ್ತದೆ, ಕತ್ತು ಬಾಗುತ್ತದೆ. ನಾಲ್ಕೂವರೆ ಐದು ಕೆ.ಜಿ. ತೂಗುವ ತಲೆ ಬೆನ್ನುಹುರಿಯ ನೇರದಿಂದ ಮುಂದೆ ಸರಿಯುತ್ತದೆ, ಹಿಂಗತ್ತಿನ ಸ್ನಾಯುಗಳು ಅದನ್ನು ಹಿಡಿದಿಡಬೇಕಾಗುತ್ತದೆ. ಮತ್ತೆ ಅದೇ ಸನ್ನೆ, ಇನ್ನೂ ದೊಡ್ಡ ಭಾರ. ಅಮೆರಿಕದ ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆಯ ಸಂಶೋಧಕರು 2012ರಲ್ಲಿ 15 ಬಳಕೆದಾರರ ಭಂಗಿಗಳನ್ನು ಅಳೆದರು. ತೊಡೆಯ ಮೇಲಿಟ್ಟಾಗ ಕತ್ತು ಅತಿ ಹೆಚ್ಚು ಬಾಗಿತ್ತು. ಮೇಜಿನ ಮೇಲೆ ಕಡಿದಾದ ಕೋನದಲ್ಲಿ ನಿಲ್ಲಿಸಿದಾಗ ಮಾತ್ರ ಸಹಜ ಭಂಗಿಗೆ ಹತ್ತಿರ ಬಂದಿತ್ತು. ಎತ್ತಿ ಹಿಡಿದರೆ ಕೈ, ಇಳಿಸಿದರೆ ಕತ್ತು. ಗ್ರಾಂ ಇಳಿಸಿ ಈ ಇಕ್ಕಟ್ಟಿನಿಂದ ಪಾರಾಗುವುದು ಸಾಧ್ಯವಿಲ್ಲ.

ಪಾರಾಗುವ ದಾರಿಯನ್ನು ಕೆಲವು ವಿನ್ಯಾಸಕಾರರು ಹಿಡಿದದ್ದುಂಟು. 2013ರ ಲೆನೊವೊ ಯೋಗ ಟ್ಯಾಬ್ಲೆಟ್‌ನಲ್ಲಿ ಬ್ಯಾಟರಿಯನ್ನು ಒಂದು ಅಂಚಿನ ಕೊಳವೆಯಾಕಾರದ ಹಿಡಿಯೊಳಗೆ ಸೇರಿಸಿ, ಮಡಚುವ ಕಾಲನ್ನೂ ಕೊಟ್ಟಿದ್ದರು. ಅದರ 10 ಇಂಚಿನ ಮಾದರಿ 605 ಗ್ರಾಂ. ಪಟ್ಟಿಯಲ್ಲಿ ಓದಿದರೆ ಭಾರವೇ. ಆದರೆ ಭಾರವಾದ ಭಾಗ ಅಂಗೈಯೊಳಗೇ ಇತ್ತು. 2016ರ ಕಿಂಡಲ್ ಓಯಸಿಸ್ ಓದುಗ ಸಾಧನ ಇದೇ ತತ್ತ್ವ ಅನುಸರಿಸಿತು: ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು, ತೂಕ 131 ಗ್ರಾಂ. ಆದರೆ ಜೊತೆಗೆ ಬರುತ್ತಿದ್ದ ಬ್ಯಾಟರಿಸಹಿತ ಹೊದಿಕೆಯನ್ನು ಹಾಕಿದರೆ ತೂಕ ಹೆಚ್ಚುಕಡಿಮೆ ಇಮ್ಮಡಿ! ಓಯಸಿಸ್ ಮಾದರಿಗಳ ಮಾರಾಟ 2024ರಲ್ಲಿ ನಿಂತಿತು. ಒಂದೇ ದಪ್ಪದ ತೆಳು ಹಲಗೆಯೇ ಮಾರುಕಟ್ಟೆಯ ಮಾದರಿಯಾಗಿ ಉಳಿಯಿತು.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಎಂದೋ ಬಿಡಿಸಿದ್ದರು. ಗಂಟೆಗಟ್ಟಲೆ ಪುರಾಣ ವಾಚನ ಮಾಡುವವರು ಗ್ರಂಥವನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ, ವ್ಯಾಸಪೀಠದ ಮೇಲೆ ತೆರೆದಿಡುತ್ತಿದ್ದರು. ಹಗುರವಾದ ಗ್ರಂಥ ಬೇಕೆಂದು ಅವರು ಕೇಳಲಿಲ್ಲ. ಭಾರ ಹೊರುವ ಕೆಲಸವನ್ನು ಮರಕ್ಕೆ ವಹಿಸಿದರು.

ಕೊಳ್ಳುವವರು ಕೇಳಬೇಕಾದದ್ದು

ಇದು ಬರಿಯ ಸುಖದ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2011ರಲ್ಲಿ 'ಆಕಾಶ್' ಬಿಡುಗಡೆಯಾದಂದಿನಿಂದ ವಿದ್ಯಾರ್ಥಿಗಳ ಕೈಗೆ ಟ್ಯಾಬ್ಲೆಟ್ ಕೊಡುವ ಯೋಜನೆಗಳು ಒಂದರ ಹಿಂದೆ ಒಂದು ಬಂದಿವೆ. ಕರ್ನಾಟಕದ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ 2021ರಲ್ಲಿ, ಹರಿಯಾಣದ ಸರ್ಕಾರಿ ಶಾಲೆಗಳ ಮಕ್ಕಳಿಗೆ 2022ರಲ್ಲಿ ಹಂಚಿಕೆ ನಡೆಯಿತು. ಮಗುವಿನ ಶಾಲಾ ಚೀಲ ದೇಹದ ತೂಕದ ಶೇ. 10ನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಒಳ್ಳೆಯದೇ. ಆದರೆ ಚೀಲ ಎರಡು ಹೆಗಲ ಮೇಲೆ, ದೇಹಕ್ಕೆ ಅಂಟಿಕೊಂಡು, ದಾರಿಯುದ್ದಕ್ಕೆ ಮಾತ್ರ ಇರುತ್ತದೆ. ಟ್ಯಾಬ್ಲೆಟ್ ಬೆರಳ ತುದಿಯಲ್ಲಿ, ದೇಹದಿಂದ ದೂರ, ಓದು ಮುಗಿಯುವವರೆಗೂ ಇರುತ್ತದೆ. ಮೊದಲನೆಯದಕ್ಕೆ ನಿಯಮ ಮಾಡಿದವರು ಎರಡನೆಯದರ ಬಗ್ಗೆಯೂ ಯೋಚಿಸಬೇಡವೇ?

ಶಾಲೆಗಾಗಿ ಟ್ಯಾಬ್ಲೆಟ್ ಕೊಳ್ಳುವವರು ತೂಕವನ್ನು ರಕ್ಷಾಕವಚ ಸಮೇತ ಕೇಳಬೇಕು, ಏಕೆಂದರೆ ಮಕ್ಕಳು ಹಿಡಿಯುವುದು ಕವಚದೊಡನೆಯೇ. ತೂಕದ ಜೊತೆ ಅಗಲವನ್ನೂ ನೋಡಬೇಕು. ಬೆನ್ನು ಜಾರದಂತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿಯೊಂದು ಟ್ಯಾಬ್ಲೆಟ್‌ನೊಂದಿಗೆ ಕೋನ ಬದಲಿಸಬಹುದಾದ ಒಂದು ಆಧಾರ ಬರಬೇಕು. ಸಾಧನದ ಬೆಲೆಯ ಮುಂದೆ ಅದರ ಬೆಲೆ ಅಲ್ಪ. ಇನ್ನೂರು ಗ್ರಾಂ ಇಳಿಸಿದರೂ ಬಾರದ ನೆಮ್ಮದಿ ಅದರಿಂದ ಬರುತ್ತದೆ.

ನಿಮ್ಮ ಮನೆಯಲ್ಲಿ ಈಗಾಗಲೇ ಟ್ಯಾಬ್ಲೆಟ್ ಇದ್ದರೆ ಹೊಸದನ್ನು ಕೊಳ್ಳಬೇಕಿಲ್ಲ. ಒಂದೇ ಕೈಯಲ್ಲಿ ಹಿಡಿಯುವಾಗ ಅಂಚನ್ನು ಬಿಟ್ಟು ಅಂಗೈಯನ್ನು ನಡುಭಾಗದ ಕೆಳಗೆ ತನ್ನಿ. ಸನ್ನೆಯ ದೂರ ಶೂನ್ಯಕ್ಕೆ ಇಳಿಯುತ್ತದೆ. ಹಿಂಬದಿಯಲ್ಲಿ ಕೈ ತೂರಿಸುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮೊಣಕೈಗಳಿಗೆ ಆಸರೆ ಕೊಡಿ. ಆಗಾಗ ಕೈ ಬದಲಿಸಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ. ಬಹಳ ಹೊತ್ತು ಓದುವುದಿದ್ದರೆ ಮೇಜಿನ ಮೇಲೆ ಒರಗಿಸಿ ಓದಿ. ಮೂಲೆಯಲ್ಲಿ ಧೂಳು ಹಿಡಿದಿರುವ ವ್ಯಾಸಪೀಠವಿದ್ದರೆ ಅದನ್ನು ಒರೆಸಿ ಮೇಜಿನ ಮೇಲಿಡಿ. ಟ್ಯಾಬ್ಲೆಟ್ ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ.